ನ್ಯೂಟ್ರಲ್ ಹುಸೇನ್

ಗುಂಡ್ಲುಪೇಟೆಯ ಲಾರಿ ಸ್ಟ್ಯಾಂಡಿನಲ್ಲಿ ಬರೀ ಹುಸೇನ್ ಎಂದು ಕೇಳಿದರೆ ‘ಯಾವ ಹುಸೇನು?’ ಎನ್ನುತ್ತಿದ್ದರು. ನ್ಯೂಟ್ರಲ್ ಹುಸೇನ್ ಎಂದರೆ ಮಾತ್ರ ಟೀ ಕುಡಿಯುತ್ತಿದ್ದವರೂ ಲೋಟ ಕೆಳಗಿಟ್ಟು ಎದ್ದು ಬಂದು ಮನೆ ತೋರಿಸುತ್ತಿದ್ದರು. ರಸ್ತೆ ಎಲ್ಲೆಲ್ಲಿ ತಲೆ ತಗ್ಗಿಸುತ್ತದೋ ಅಲ್ಲೆಲ್ಲ ಹುಸೇನರ ಎಡಗೈ ತಾನಾಗಿ ಗೇರಿನ ಮೇಲೆ ಹೋಗಿ ಅದನ್ನು ನ್ಯೂಟ್ರಲ್ಲಿಗೆ ತಳ್ಳುತ್ತಿತ್ತು. ಎಂಜಿನ್ನಿನ ಆರ್ಭಟ ಅಡಗಿ, ಈರುಳ್ಳಿ ಮೂಟೆ ಹೊತ್ತ ಲಾರಿ ಹೊಳೆಯ ಮೇಲಿನ ತೆಪ್ಪದಂತೆ ತನ್ನ ಪಾಡಿಗೆ ಜಾರುತ್ತಿತ್ತು. “ಇಳಿಜಾರು ಅಂದ್ರೆ ಅಲ್ಲಾ ಪುಕ್ಕಟೆ ಕೊಟ್ಟ ಡೀಸೆಲ್ ಕಣ್ರಲಾ. ಬ್ಯಾಡ ಅನ್ನೋಕೆ ನಾವ್ಯಾರು?” ಎಂದು ಹೊಸ ಡ್ರೈವರುಗಳಿಗೆ ಹೇಳುತ್ತಿದ್ದರು.

ಅವರ ಅಪ್ಪ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಮಗನಿಗೆ ಕೆಂಡದ ಮುಂದೆ ಕೂರುವುದು ಒಗ್ಗಲಿಲ್ಲ. ತರಕಾರಿ ಮಂಡಿಯ ದೊಡ್ಡಮಲ್ಲಪ್ಪನವರ ಲಾರಿಗೆ ಕ್ಲೀನರಾಗಿ ಸೇರಿ, ಮೀಸೆ ಮೂಡುವ ಹೊತ್ತಿಗೆ ಸ್ಟಿಯರಿಂಗ್ ಹಿಡಿದರು. ಕುಂಬಳಕಾಯಿ, ಟೊಮೇಟೊ, ಈರುಳ್ಳಿ ತುಂಬಿಕೊಂಡು ಬಂಡೀಪುರದ ಕಾಡು ದಾಟಿ ಕೋಳಿಕೋಡಿಗೆ ಹೋಗುವುದು, ಬರುವಾಗ ತೆಂಗಿನಕಾಯಿಯ ಜೊತೆಗೆ ನಾಲ್ಕು ಮಲಯಾಳ ಮಾತು ತರುವುದು, ಇದೇ ಅವರ ಬದುಕಾಯಿತು. ಉಳಿದ ಡ್ರೈವರುಗಳಿಗಿಂತ ಅವರ ಗಾಡಿ ಕಡಿಮೆ ಡೀಸೆಲ್ ಕುಡಿಯುತ್ತಿತ್ತು. “ನಮ್ ಉಸೇನಿ ಗಾಡಿ ಗಾಳೀಲೇ ಓಡ್ತದೆ” ಎಂದು ದೊಡ್ಡಮಲ್ಲಪ್ಪನವರು ಗಿರಾಕಿಗಳ ಮುಂದೆ ಹೇಳುವರು. ಮೈಸೂರಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಹೆಣ ತಂದದ್ದೂ ಹುಸೇನೇ. ದಾರಿಯುದ್ದಕ್ಕೂ ಒಂದು ಹಾರನ್ ಹೊಡೆಯಲಿಲ್ಲ, ಒಂದು ಗುಂಡಿಗೆ ಚಕ್ರ ಇಳಿಸಲಿಲ್ಲ. ಯಜಮಾನರ ನಿದ್ದೆ ಕೆಟ್ಟೀತು ಎನ್ನುವ ಹಾಗೆ ತಂದರು ಎಂದು ಜೊತೆಯಲ್ಲಿ ಕೂತಿದ್ದವರು ವರ್ಷಗಟ್ಟಲೆ ಹೇಳಿದರು.

ಬೆನ್ನು ನೋವು ಶುರುವಾಗಿ ಲಾರಿ ಕೈಬಿಟ್ಟಾಗ, ದೊಡ್ಡಮಲ್ಲಪ್ಪನವರ ಮಗ ಮರಿಮಲ್ಲಪ್ಪ ಅವರನ್ನು ಮನೆಗೆ ಕಳಿಸಲಿಲ್ಲ. ಕಾರಿನ ಬೀಗದ ಕೈ ಕೊಟ್ಟರು.

ಸಾದಿಕ್ ಈ ಹುಸೇನರ ತಂಗಿಯ ಮಗ. ಬಿ.ಕಾಂ. ಒಂದೇ ಏಟಿಗೆ ಬೀಳದಿದ್ದಾಗ ಹಲವು ಏಟು ಹಾಕಿ ಕೆಡವಿದವನು. ಮಾಮುವಿನ ಶಿಫಾರಸಿನಿಂದಲೇ ಅದೇ ಮಂಡಿಯಲ್ಲಿ ರೈಟರ್ ಕೆಲಸ ಸಿಕ್ಕಿತ್ತು. ಮೂಟೆ ನೋಡುವುದು, ಬರೆಯುವುದು, ಬರೆದದ್ದು ತಪ್ಪಿದಾಗ ಪೆನ್ನನ್ನು ಬೈಯುವುದು. ಇಂಗ್ಲಿಷ್ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರಿಂದ ಅದನ್ನು ಓದುತ್ತಾನೆಂದೂ ಜನ ನಂಬಿದ್ದರು. ಆ ನಂಬಿಕೆಯನ್ನು ಕೆಡಿಸುವ ಮನಸ್ಸು ಅವನಿಗೆ ಬಂದಿರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಮರಿಮಲ್ಲಪ್ಪ ಮೈಸೂರಿನಿಂದ ಹೊಸ ಹೈಬ್ರಿಡ್ ಕಾರು ತಂದರು. ಪುಟ್ಟ ಕಾರು, ಬೆಳ್ಳಿ ಬಣ್ಣ. ಮಂಡಿಯ ಮುಂದೆ ನಿಲ್ಲಿಸಿದಾಗ ಹಮಾಲಿಗಳೆಲ್ಲ ಮೂಟೆ ಇಳಿಸಿ ಸುತ್ತ ನೆರೆದರು.

“ಕರೆಂಟ್ ಕಾರಂತೆ! ಪ್ಲಗ್ ಎಲ್ ಚುಚ್ತಾರ್ಲಾ?” ಎಂದು ಹಮಾಲಿ ಪುಟ್ಟಮಲ್ಲಪ್ಪ ಬಗ್ಗಿ ನೋಡಿದ.

ಓದಿದವನೆಂಬ ಹೆಸರು ಉಳಿಸಿಕೊಳ್ಳಲು ಸಾದಿಕ್ ಮುಂದೆ ಬಂದ. “ಪ್ಲಗ್ ಬೇಡ ಅಣ್ಣ. ಇದು ಜೋಡೆತ್ತಿನ ಗಾಡಿ ಇದ್ದ ಹಾಗೆ. ಒಂದೆತ್ತು ಪೆಟ್ರೋಲ್ ಎಂಜಿನ್ನು, ಇನ್ನೊಂದು ಬ್ಯಾಟರಿ ಮೋಟಾರು. ಎರಡೂ ಸೇರಿ ಎಳೀತವೆ.”

“ಬ್ಯಾಟ್ರಿ ಎತ್ತಿಗೆ ಮೇವ್ ಯಾರಾಕ್ತರೆ ಮತ್ತೆ?”

“ಅದು ಓಡ್ತಾ ಓಡ್ತಾ ತಾನೇ ಮೇದ್ಕೊಳ್ತದೆ” ಎಂದ ಸಾದಿಕ್. ಎಲ್ಲಿ ಮೇಯುತ್ತದೆ, ಯಾವಾಗ ಮೇಯುತ್ತದೆ ಎಂದು ಪುಟ್ಟಮಲ್ಲಪ್ಪ ಕೇಳದೇ ಇದ್ದದ್ದು ಅವನ ಪುಣ್ಯ.

ಹುಸೇನ್ ಮಾಮುವಿಗೆ ಕಾರು ಹಿಡಿಸಿತು. ಕ್ಲಚ್ಚಿಲ್ಲ, ಗೇರು ಬದಲಿಸುವ ಗೋಜಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನ್ಯೂಟ್ರಲ್ ಎನ್ನುವುದು ಬೆಣ್ಣೆಯ ಹಾಗೆ ಒಂದೇ ನೂಕಿಗೆ ಬೀಳುತ್ತಿತ್ತು.

ತಿಂಗಳು ಕಳೆಯುವಷ್ಟರಲ್ಲಿ ಕಾರು ಮಂಕಾಯಿತು. ಮುಂದಿನ ಗಾಜಿನ ಕೆಳಗೆ ಬ್ಯಾಟರಿಯ ಮಟ್ಟ ತೋರಿಸುವ ಗೆರೆಗಳಿದ್ದವು. ಅವು ಯಾವಾಗ ನೋಡಿದರೂ ತಳ ಕಂಡಿರುತ್ತಿದ್ದವು. ಏರು ಬಂದರೆ ಮೋಟಾರು ಕೈ ಕೊಡುತ್ತಿತ್ತು. ಎಂಜಿನ್ ಒಂದೇ ಅರಚಿಕೊಂಡು ಎಳೆಯಬೇಕು. ಸಾಲದ್ದಕ್ಕೆ, ಹಸಿದ ಬ್ಯಾಟರಿಗೆ ತನ್ನ ಶಕ್ತಿಯಲ್ಲೇ ಒಂದಿಷ್ಟು ಉಣಿಸಬೇಕು. ಪೆಟ್ರೋಲ್ ಉಳಿಸಲೆಂದು ತಂದ ಕಾರು ಹಳೆಯ ಕಾರಿಗಿಂತ ಹೆಚ್ಚು ಕುಡಿಯತೊಡಗಿತು.

ಒಂದು ಶನಿವಾರ ಮನೆಯವರೆಲ್ಲ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟರು. ಕೊನೆಯ ಏರಿನಲ್ಲಿ ಕಾರು ತೆವಳತೊಡಗಿತು. ಹಿಂದಿನ ಜೀಪುಗಳೆಲ್ಲ ಹಾರನ್ ಹೊಡೆದು ಮುಂದೆ ಹೋದವು. ಮರಿಮಲ್ಲಪ್ಪನವರ ಹೆಂಡತಿ ಶಿವರುದ್ರಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಏನ್ರೀ, ನಡ್ಕಂಡ್ ಬಂದಿದ್ರೂ ಇಷ್ಟೊತ್ಗೆ ಪ್ರಸಾದ ತಿನ್ಬೋದಿತ್ತು. ಈಗ್ ನಾವೇ ಕಾರ್ನ ಬೆಟ್ಟ ಅತ್ತಿಸ್ದಂಗಾಯ್ತು” ಎಂದರು. ಎಲ್ಲರೂ ನಕ್ಕರು. ಹುಸೇನ್ ಮಾಮು ನಗಲಿಲ್ಲ. ಅವರು ಓಡಿಸುವ ಗಾಡಿಯನ್ನು ಕಂಡು ಯಾರೂ ನಕ್ಕದ್ದು ಅವರಿಗೆ ನೆನಪಿರಲಿಲ್ಲ.

ಹುಸೇನ್ ಮಾಮು ಸಾದಿಕ್‌ನನ್ನೂ ಕರೆದುಕೊಂಡು ಕಾರನ್ನು ಮೈಸೂರಿಗೆ ಒಯ್ದರು. ಅಲ್ಲಿನ ಮೆಕ್ಯಾನಿಕ್ ಸಾದಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿದ. ವಾಪಸು ಬಂದಾಗ ಗೆರೆಗಳು ತುಂಬಿ ನಿಂತಿದ್ದವು. “ಬ್ಯಾಟರಿ ಚೆನ್ನಾಗಿದೆ. ಗಾಡೀಲಿ ಏನೂ ತೊಂದರೆ ಇಲ್ಲ” ಎಂದ. ಬೆಟ್ಟ ಇಳಿಯುವಾಗ ಅವನು ಏನು ಮಾಡಿದನೆಂದು ಸಾದಿಕ್ ಗಮನವಿಟ್ಟು ನೋಡಿರಲಿಲ್ಲ. ಮೈಸೂರು ಮೇಲಿನಿಂದ ಹೇಗೆ ಕಾಣುತ್ತದೆಂದು ನೋಡುತ್ತ ಬಾಯಿ ತೆರೆದು ಕೂತಿದ್ದ. ಹುಸೇನ್ ಮಾಮು ಕಾರನ್ನು ಗುಂಡ್ಲುಪೇಟೆ ಮುಟ್ಟಿಸುವಾಗ ಗೆರೆಗಳು ಮತ್ತೆ ತಳ ಕಂಡಿದ್ದವು.

ಗಾಡಿಯಲ್ಲಿ ತೊಂದರೆ ಇಲ್ಲವೆಂದರೆ ತೊಂದರೆ ಇನ್ನೆಲ್ಲಿ? ಟೀ ಅಂಗಡಿಗಳು ಉತ್ತರ ಹುಡುಕಿಕೊಂಡವು. ಪೆಟ್ರೋಲು ಪೈಪು ಹತ್ತಿ ಹುಸೇನರ ಕ್ಯಾನಿಗೆ ಹೋಗುತ್ತಿದೆ ಎಂದರು. ವಯಸ್ಸಾದ ಮೇಲೆ ಆಸೆ ಹುಟ್ಟುತ್ತದೆ ಎಂದರು. ಒಂದು ಬೆಳಿಗ್ಗೆ ಮರಿಮಲ್ಲಪ್ಪ ಸಾದಿಕ್‌ನನ್ನು ಮಂಡಿಯ ಒಳಕೋಣೆಗೆ ಕರೆದರು.

“ನಾಳಿಂದ ಕಾರಲ್ಲಿ ನೀನೂ ಜೊತೇಲ್ ಓಗು.”

“ಯಾಕೆ ಸಾವ್ಕಾರ್ರೆ?”

“ಸುಮ್ಗೆ ಕಣ್ಲಾ. ಗಾಡಿ ಏನಾಯ್ತದೆ ಅಂತ ನೋಡ್ಕ. ಅಪ್ಪಾರ್ ಕಾಲ್ದ ಮನ್ಸ. ನಾನೇ ಕೇಳಕಾಗ್ದು.”

ಸಾದಿಕ್ ತಲೆ ಆಡಿಸಿದ. ಹೊರಗೆ ಬಂದ ಮೇಲೆ ಹೇಳಬಹುದಾಗಿದ್ದ ಗಟ್ಟಿ ಮಾತುಗಳೆಲ್ಲ ಒಂದೊಂದಾಗಿ ಹೊಳೆದವು. ಅವನ ಪೌರುಷ ಯಾವಾಗಲೂ ಬಾಗಿಲು ದಾಟಿದ ಮೇಲೆ ಬರುವಂಥದ್ದು.

ಮರುದಿನ ಚಾಮರಾಜನಗರಕ್ಕೆ ಹೊರಟರು. ಊರು ದಾಟಿದ ಮೇಲೆ ಹುಸೇನ್ ಮಾಮು ರಸ್ತೆ ನೋಡುತ್ತಲೇ, “ಕಾವಲಿಗೆ ಬಂದಿದೀಯಾ?” ಎಂದರು.

“ಛೆ, ಇಲ್ಲ ಮಾಮು. ನಂಗೂ ಅಲ್ಲಿ ಸ್ವಲ್ಪ ಕೆಲಸ ಇತ್ತು.”

“ನಿನ್ನ ಅಮ್ಮನೂ ಹಿಂಗೇ. ಸುಳ್ಳು ಹೇಳೋವಾಗ ಮೂಗು ಉಜ್ಜಿಕೊಳ್ತಿದ್ದಳು.”

ಸಾದಿಕ್ ಮೂಗಿನಿಂದ ಕೈ ತೆಗೆದ.

“ನೋಡ್ಕೋ. ಚೆನ್ನಾಗಿ ನೋಡ್ಕೋ. ನೀನೇ ನೋಡಿದ್ರೆ ಒಳ್ಳೇದು” ಎಂದರು ಮಾಮು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸಾದಿಕ್‌ಗೆ ಕೂರಲಾಗಲಿಲ್ಲ.

ರಸ್ತೆ ತಗ್ಗಿತು. ಮಾಮುವಿನ ಕೈ ಗೇರಿಗೆ ಹೋಯಿತು, ಕಾರು ಸದ್ದಿಲ್ಲದೆ ಜಾರಿತು. ಹಸಿರು ಹೊಲಗಳು, ಅರಿಸಿನದ ಪಾತಿಗಳು ಹಿಂದೆ ಸರಿದವು. ಮಾಮುವಿನ ಮುಖದಲ್ಲಿ ಆ ಬೆಳಿಗ್ಗೆಯ ಮೊದಲ ನೆಮ್ಮದಿ. ಕಾವಲುಗಾರನಾದ ಸಾದಿಕ್‌ಗೆ ಬೇರೇನೂ ನೋಡಲು ಇಲ್ಲದ್ದರಿಂದ ಗೆರೆಗಳನ್ನು ನೋಡುತ್ತಿದ್ದ. ಅವು ಅಲುಗಲಿಲ್ಲ. ಇನ್ನೊಂದು ಇಳಿಜಾರು ಬಂತು, ಮತ್ತೆ ಕೈ ಹೋಯಿತು. ಗೆರೆಗಳು ಅಲುಗಲಿಲ್ಲ. ಮೂರನೆಯದರ ಹೊತ್ತಿಗೆ ಅವನು ಮುಂದಕ್ಕೆ ಬಗ್ಗಿ ಕೂತ. ಚಾಮುಂಡಿ ಬೆಟ್ಟದಲ್ಲಿ ಮೆಕ್ಯಾನಿಕ್ಕಿನ ಕೈ ಗೇರನ್ನು ಮುಟ್ಟಿರಲೇ ಇಲ್ಲ ಎಂಬುದು ಈಗ ನೆನಪಾಯಿತು. ಆಕ್ಸಿಲರೇಟರಿನಿಂದ ಕಾಲು ಮಾತ್ರ ಎತ್ತಿ ಕೂತಿದ್ದ.

ತೆರಕಣಾಂಬಿಯಲ್ಲಿ ಟೀಗೆ ನಿಂತರು. ಸಾದಿಕ್ ಲೋಟವನ್ನು ತಿರುಗಿಸುತ್ತ ಕೇಳಿದ, “ಮಾಮು, ಮುಂದಿನ ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ದೆ ಬಿಡ್ತೀರಾ? ಒಂದ್ಸಲ.”

“ಯಾಕೆ? ಪೆಟ್ರೋಲ್ ದಂಡ.”

“ಒಂದ್ಸಲ ಅಷ್ಟೇ.”

ಊರು ದಾಟಿದ ಮೇಲೆ ರಸ್ತೆ ಉದ್ದಕ್ಕೆ ಇಳಿದಿತ್ತು. ಮಾಮು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಾರು ಒಳಗೊಳಗೇ ಸಣ್ಣಗೆ ಗುನುಗಿತು. ಗೆರೆಯೊಂದು ಹೆಚ್ಚಿತು. ಇಳಿಜಾರು ಮುಗಿಯುವ ಮೊದಲು ಇನ್ನೊಂದು.

ಮಾಮು ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿದರು. “ಹೇಳು” ಎಂದರು.

ಸಾದಿಕ್ ಹೇಳಿದ. ಇಳಿಜಾರಿನಲ್ಲಿ ಚಕ್ರ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಬ್ಯಾಟರಿಯನ್ನು ತುಂಬುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಮೋಟಾರಿಗೂ ನಂಟು ಕಡಿಯುತ್ತದೆ. ಇಳಿಜಾರೇ ಆ ಎತ್ತಿನ ಹುಲ್ಲುಗಾವಲು. ಪ್ರತಿ ಸಲ ಅಲ್ಲಿಗೆ ಬಂದಾಗ ಅದರ ಬಾಯಿಗೆ ಕುಕ್ಕೆ ಕಟ್ಟಿದ ಹಾಗಾಗುತ್ತಿತ್ತು.

ಹುಸೇನ್ ಮಾಮು ಇಳಿದು ಬಂದ ರಸ್ತೆಯ ಕಡೆ ತಿರುಗಿದರು. “ಅಂದ್ರೆ ನಾನು ಉಳಿಸ್ತಿದೀನಿ ಅಂದ್ಕೊಂಡಿದ್ದೆಲ್ಲಾ…” ಎಂದು ಅಲ್ಲಿಗೇ ನಿಲ್ಲಿಸಿದರು.

ಅಲ್ಲಿಂದ ಚಾಮರಾಜನಗರದವರೆಗೆ, ಮತ್ತೆ ವಾಪಸು ಬರುವಾಗಲೂ, ಅವರು ಪ್ರಯತ್ನಪಟ್ಟರು. ರಸ್ತೆ ತಗ್ಗಿದೊಡನೆ ಕೈ ಹೊರಡುತ್ತಿತ್ತು. “ಮಾಮು” ಎನ್ನುತ್ತಿದ್ದ ಸಾದಿಕ್. ಕೈ ಹಿಂದೆ ಬರುತ್ತಿತ್ತು. ಮತ್ತೆ ಹೊರಡುತ್ತಿತ್ತು. ಕೊನೆಗೆ ಎಡಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತರು. ಬಲಗೈ ಒಂದರಲ್ಲೇ ಓಡಿಸುವಾಗ ಕಾರು ಒಮ್ಮೆ ರಸ್ತೆಯಂಚಿಗೆ ಇಳಿಯಿತು. “ನಲವತ್ತು ವರ್ಷದಿಂದ ಸಾಕಿದ ನಾಯಿ ಕಣೋ ಇದು. ಕಟ್ಟಿ ಹಾಕಿದ್ರೂ ಕೇಳಲ್ಲ” ಎಂದು ನಗಲು ನೋಡಿದರು.

ಊರು ಹತ್ತಿರವಾದಾಗ ಅಂದರು, “ಸಾವ್ಕಾರ್ರಿಗೆ ಹೇಳ್ಬೇಡ.”

“ಹೇಳ್ದಿದ್ರೆ ಕಳ್ಳ ಅಂದ್ಕೊಳ್ತಾರಲ್ಲ ಮಾಮು?”

“ಅಂದ್ಕೊಳ್ಳಲಿ. ಹುಸೇನ್ ಕಳ್ಳ ಅಂದ್ರೆ ಅರ್ಧ ಊರು ನಂಬಲ್ಲ. ಹುಸೇನ್‌ಗೆ ಗಾಡಿ ಓಡ್ಸೋಕೆ ಬರಲ್ಲ ಅಂದ್ರೆ…” ಅವರು ಹಾರನ್ ಹೊಡೆದರು. ಎದುರಿಗೆ ಯಾರೂ ಇರಲಿಲ್ಲ.

ಆದರೆ ಮರಿಮಲ್ಲಪ್ಪ ಮಂಡಿಯ ಬಾಗಿಲಲ್ಲೇ ನಿಂತಿದ್ದರು. ಮಾಮು ಕಾರು ನಿಲ್ಲಿಸಿ ಕೈಕಾಲು ತೊಳೆಯಲು ಹಿತ್ತಲ ಕಡೆ ಹೋದರು. “ಏನ್ ಕಂಡ್ಲಾ? ಎಲ್ ಮಾರ್ತನೆ ಪೆಟ್ರೋಲ್ನ?” ಎಂದು ಸಾವ್ಕಾರರು ಕೇಳಿದರು. ಮಾರುತ್ತಾನಾ ಎಂದಲ್ಲ, ಎಲ್ಲಿ ಮಾರುತ್ತಾನೆ ಎಂದು. ಸಾದಿಕ್‌ಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿ ಬಾಗಿಲು ದಾಟುವ ಮೊದಲೇ ಅವನಿಗೆ ಮಾತು ಬಂತು. ಬರಬಾರದ ದಿನ ಬಂತು. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ.

ಮರಿಮಲ್ಲಪ್ಪನವರ ಮುಖ ಅರಳಿತು. ಎದೆಯ ಮೇಲಿನ ಕಲ್ಲು ಇಳಿದವರಂತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳ್ಳೆಯ ಮನುಷ್ಯ; ಸಂತೋಷ ತಡೆದುಕೊಳ್ಳಲು ಬಾರದು. ಹಮಾಲಿಗಳ ಕಡೆ ತಿರುಗಿ ಕೂಗಿದರು, “ಕೇಳುದ್ರೇನ್ರಲಾ? ನಮ್ ಉಸೇನಿ ಕದ್ದಿಲ್ಲ ಕಣ್ರಲಾ! ಅವುನ್ಗೆ ಓಡ್ಸಕ್ ಬರಲ್ಲ, ಅಷ್ಟೇಯ!”

ಮಂಡಿಗೆ ಮಂಡಿಯೇ ನಕ್ಕಿತು. ಕೆಟ್ಟ ನಗೆಯಲ್ಲ ಅದು. ತಮ್ಮವನು ಕಳ್ಳನಲ್ಲ ಎಂಬ ನೆಮ್ಮದಿಯ ನಗೆ. ಹಿತ್ತಲ ಬಾಗಿಲಲ್ಲಿ ಹುಸೇನ್ ಮಾಮು ಟವೆಲಿನಿಂದ ಮುಖ ಒರೆಸುತ್ತ ನಿಂತಿದ್ದರು. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದರು.

ಮರುದಿನ ಬೀಗದ ಕೈಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದರು. “ಅಯ್ಯೋ ಬುಡಿ ಉಸೇನಣ್ಣ, ತಮಾಸೆಗಂದೆ” ಎಂದು ಮರಿಮಲ್ಲಪ್ಪ ಕೈ ಹಿಡಿದುಕೊಂಡರು. ಎಂದೂ ಇಲ್ಲದ ‘ಅಣ್ಣ’ ಬಂತು. ಮಾಮು ನಕ್ಕು ಕೈ ಬಿಡಿಸಿಕೊಂಡರು.

ಕಾರು ಸಾದಿಕ್ ಪಾಲಿಗೆ ಬಂತು. ಲಾರಿ ಓಡಿಸಿ ಗೊತ್ತಿಲ್ಲದವನು, ಇಳಿಜಾರು ಕಂಡರೆ ಹೆದರಿ ಕೈಕಾಲು ಮಡಚಿ ಕೂರುವವನು. ಆ ಕಾರಿಗೆ ಬೇಕಾಗಿದ್ದದ್ದೂ ಅದೇ. ಗೆರೆಗಳು ತುಂಬಿದವು, ಏರಿನಲ್ಲಿ ಕಾರು ಜಿಗಿಯಿತು, ಸಾವ್ಕಾರರು ಬೆನ್ನು ತಟ್ಟಿದರು. ಏನೂ ಬಾರದ್ದಕ್ಕೇ ಮೆಚ್ಚುಗೆ ಪಡೆದವನು ಊರಲ್ಲಿ ತಾನೊಬ್ಬನೇ ಇರಬೇಕೆಂದು ಅವನಿಗೆ ಅನಿಸಿತು.

ಮಾಮುವಿನ ಮನೆಗೆ ಹೋದಾಗಲೆಲ್ಲ ಅವರ ಹೆಂಡತಿ ಚಾಂದ್ ಬಿ ಚಹಾ ಕೊಟ್ಟು, “ನಮಾಜಿಗೆ ಹೋಗಿದಾರೆ” ಎನ್ನುವಳು. ನಮಾಜಿನ ಹೊತ್ತಲ್ಲದಾಗಲೂ ಅದನ್ನೇ ಹೇಳುವಳು. ಒಳಕೋಣೆಯ ಪರದೆಯ ಕೆಳಗೆ ಕಾಲು ಕಾಣುತ್ತಿದ್ದವು.

ಚಳಿ ಶುರುವಾದ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೊರಗೆ ಅವರು ಮಫ್ಲರ್ ಸುತ್ತಿಕೊಂಡು ನಿಂತದ್ದನ್ನು ಕಂಡು ಸಾದಿಕ್ ಕಾರು ನಿಲ್ಲಿಸಿದ. ಚಾಮರಾಜನಗರದ ಆಸ್ಪತ್ರೆಗೆ ಹೊರಟಿದ್ದರು.

“ಬನ್ನಿ ಮಾಮು, ನಾನೂ ಅಲ್ಲಿಗೇ.”

“ಬಸ್ ಬಂತು, ನೀನು ಹೋಗು.” ಮಫ್ಲರ್ ಸರಿ ಮಾಡಿಕೊಳ್ಳುತ್ತ, “ಹೆಂಗೆ ಎಳೀತದೆ?” ಎಂದರು.

“ಹಾಗೇ ಮಾಮು. ಮೊದಲಿನ ಹಾಗೇ ಮಂಕು.”

ಮಾಮು ಅವನ ಮುಖ ನೋಡಲಿಲ್ಲ, ಕಾರನ್ನು ನೋಡಿದರು. ಚಾಳೀಸು ಕನ್ನಡಕದ ಹಿಂದೆ ಕಣ್ಣು ಸ್ವಲ್ಪ ಹೊತ್ತು ಬಾನೆಟ್ಟಿನ ಮೇಲೆ ನಿಂತವು. “ಚೆನ್ನಾಗಿ ಇಟ್ಕೊಂಡಿದೀಯ” ಎಂದು ಭುಜ ತಟ್ಟಿ ಬಸ್ಸು ಹತ್ತಿದರು. ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು. ಅವರು ಅದನ್ನು ದಾಟಿ ಕಟ್ಟಕಡೆಗೆ ಹೋಗಿ ಕೂತರು.

ಸಾದಿಕ್ ಆ ಬಸ್ಸಿನ ಹಿಂದೆಯೇ ಹೋದ. ಮುಂದೆ ಹೋಗಲು ರಸ್ತೆ ಎಷ್ಟೋ ಕಡೆ ಖಾಲಿ ಸಿಕ್ಕಿತು, ಕಾರಿಗೂ ಬೇಕಾದಷ್ಟು ಕಸುವಿತ್ತು. ಹಿಂದಿನ ಲಾರಿಯವನು ಹಾರನ್ ಹೊಡೆದೂ ಹೊಡೆದೂ ಕೊನೆಗೆ ಪಕ್ಕಕ್ಕೆ ಬಂದು, “ಓಡ್ಸಕ್ ಬರಾಕಿಲ್ವೇನ್ಲಾ?” ಎಂದು ಬೈದು ಹೋದ. ಬಸ್ಸಿನ ಹಿಂದಿನ ಗಾಜಿನಲ್ಲಿ ಮಫ್ಲರ್ ಸುತ್ತಿದ ತಲೆ ಒಮ್ಮೆಯೂ ತಿರುಗಲಿಲ್ಲ.