ಗಾಳಿ ತೆಗೆದ ಪೊಟ್ಟಣ

ಕೋವಿಡ್ ಗಲಾಟೆ ಮುಗಿದು ಎರಡು ಮಳೆಗಾಲ ಕಳೆದಿದ್ದವು. ಆಗ ನಾನು ಮಧುಗಿರಿಯಲ್ಲಿ ನನ್ನದೇ ಒಂದು ಸಣ್ಣ ನರ್ಸಿಂಗ್ ಹೋಮ್ ನಡೆಸುತ್ತಿದ್ದೆ. ಕೆಲವು ಹಾಸಿಗೆಗಳು, ಒಂದು ಎಕ್ಸ್-ರೇ ಯಂತ್ರ, ಆಕ್ಸಿಜನ್ ಸಿಲಿಂಡರುಗಳು ಇದ್ದವು, ವೆಂಟಿಲೇಟರ್ ಇರಲಿಲ್ಲ. ಓದು ಮುಗಿಸಿ ಬಂದಾಗಿನಿಂದ ಅದೇ ಊರಿನಲ್ಲಿ ಫಿಜಿಷಿಯನ್ ಆಗಿದ್ದವನು ನಾನು. ಈಗ ಕೆಲಸ ಬಿಟ್ಟು ಕೊರಟಗೆರೆಯ ಮನೆಯಲ್ಲಿದ್ದೇನೆ. ಅಷ್ಟು ವರ್ಷಗಳಲ್ಲಿ ನೋಡಿದ ರೋಗಿಗಳ ಪೈಕಿ ಕೊಡಿಗೇನಹಳ್ಳಿ ಕಡೆಯ ಗಂಗಮ್ಮನನ್ನು ಮಾತ್ರ ಇವತ್ತಿಗೂ ಮರೆಯಲಾಗಿಲ್ಲ.

ಆಕೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಒ.ಪಿ.ಡಿ. ಆಗಷ್ಟೇ ಶುರುವಾಗುವ ಹೊತ್ತು. ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಒಂದು ಕಡೆ ಗಂಡ ನರಸಿಂಹಪ್ಪ, ಇನ್ನೊಂದು ಕಡೆ ಮೈದುನ ರಂಗಸ್ವಾಮಿ ಹಿಡಿದುಕೊಂಡು ಒಳಗೆ ಕರೆತಂದರು. ನರಸಿಂಹಪ್ಪ ಕಡಲೆಕಾಯಿ, ಮುಸುಕಿನ ಜೋಳ ಬೆಳೆಯುವ ರೈತ. ರಂಗಸ್ವಾಮಿಯದು ಕೊಡಿಗೇನಹಳ್ಳಿಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ಅಣ್ಣತಮ್ಮಂದಿರ ಮನೆಗಳು ಅಕ್ಕಪಕ್ಕ. ಇವರ ತಾಯಿ ಬೇಗ ತೀರಿಕೊಂಡಿದ್ದರಿಂದ ರಂಗಸ್ವಾಮಿಯನ್ನು ಸಾಕಿ, ಐ.ಟಿ.ಐ. ಓದಿಸಿದ್ದು ಗಂಗಮ್ಮನೇ ಎಂದು ಆಮೇಲೆ ತಿಳಿಯಿತು.

ಆಕೆಯ ತವರು ಪಾವಗಡದ ಕಡೆ, ಮಾತಿನಲ್ಲಿ ತೆಲುಗು ಬೆರೆತಿತ್ತು. ಏನಮ್ಮ ಆಗಿದ್ದು ಎಂದು ಕೇಳಿದೆ.

“ಕಣ್ಣಿಗೆ ಎಲ್ಲಾ ರೆಂಡು ರೆಂಡು ಕಾಣ್ತೈತೆ ಸಾ. ನಾಲಿಗೆ ಒಣಗೋಗೈತೆ. ನೀರು ಕುಡುದ್ರೆ ಮೂಗಿಗೆ ಬತ್ತೈತೆ.”

ಮಾತು ಮೂಗಿನಿಂದ ಬರುತ್ತಿತ್ತು. ಎರಡೂ ಕಣ್ಣಿನ ರೆಪ್ಪೆಗಳು ಅರ್ಧ ಇಳಿದಿದ್ದವು. ಜ್ವರವಿಲ್ಲ, ತಲೆನೋವಿಲ್ಲ. ಹಿಂದಿನ ದಿನ ಹೊಟ್ಟೆ ತೊಳಸಿ ವಾಂತಿಯಾಗಿತ್ತು. ಬುದ್ಧಿ ಪೂರ್ತಿ ಸ್ವಾಧೀನದಲ್ಲಿತ್ತು.

ನಮ್ಮ ಸೀಮೆಯಲ್ಲಿ ಮಳೆಗಾಲದಲ್ಲಿ ಹೀಗೆ ರೆಪ್ಪೆ ಇಳಿಬಿಟ್ಟುಕೊಂಡು ಬಂದವರನ್ನು ನೋಡಿದರೆ ಡಾಕ್ಟರಿಗೆ ಮೊದಲು ನೆನಪಾಗುವುದು ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ. ನೋವಿರುವುದಿಲ್ಲ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಅದರ ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ತಡೆದುಬಿಡುತ್ತದೆ. ಮೊದಲು ಕಣ್ಣು, ಆಮೇಲೆ ಗಂಟಲು, ಕೊನೆಗೆ ಉಸಿರಾಟ ಸೋಲುತ್ತದೆ. ಗಂಗಮ್ಮ ನೆಲದ ಮೇಲೇ ಮಲಗುತ್ತಿದ್ದರು. ಹಾವಿನ ವಿಷಕ್ಕೆ ಕೊಡುವ ಆಂಟಿವೆನಮ್ ಶುರು ಮಾಡಿ, ಜೊತೆಗೆ ಸೋತ ಸ್ನಾಯುಗಳನ್ನು ಚುರುಕುಗೊಳಿಸುವ ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟು ಪಕ್ಕದಲ್ಲೇ ಕುಳಿತೆ. ರೆಪ್ಪೆ ಮೇಲೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕೆಯ ಮಾತು ನಿಂತಿತು. ಕತ್ತು ದಿಂಬಿನಿಂದ ಎತ್ತಲಾಗುತ್ತಿರಲಿಲ್ಲ.

ತುಮಕೂರಿಗೆ ಕಳಿಸಲು ಆಂಬುಲೆನ್ಸ್‌ಗೆ ಹೇಳಿ ಬಂದೆ. ಅಷ್ಟರಲ್ಲಿ ರಂಗಸ್ವಾಮಿ ಔಷಧಿ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಂದು ಕಣ್ಣು ಮುಚ್ಚಿಕೊಂಡು ಓದುತ್ತಿದ್ದ. ಯಾಕೆ ಎಂದು ಕೇಳಿದಾಗ, ಎರಡೂ ಕಣ್ಣು ಬಿಟ್ಟರೆ ಒಂದು ಸಾಲು ಎರಡಾಗುತ್ತದೆ, ನಿನ್ನೆಯಿಂದ ಬಾಯಿಯೂ ಒಣಗುತ್ತಿದೆ, ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಎಂದ. ಅವನನ್ನು ಬೆಳಕಿಗೆ ಕರೆದು ನೋಡಿದೆ. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು. ಎರಡೂ ಕಣ್ಣಿನ ಪಾಪೆಗಳು ಬೆಳಕಿಗೆ ಕುಗ್ಗಬೇಕಾದಷ್ಟು ಕುಗ್ಗಲಿಲ್ಲ.

ಬೇರೆ ಬೇರೆ ಮನೆಯಲ್ಲಿ ಮಲಗುವ ಇಬ್ಬರಿಗೂ ಒಂದೇ ರೋಗ. ಹಾವು ಕಚ್ಚಿರುವ ಸಂಭವ ಬಹಳ ಕಡಿಮೆ. ವಿದ್ಯಾರ್ಥಿಯಾಗಿದ್ದಾಗ ಓದಿ, ಪರೀಕ್ಷೆಯಲ್ಲಿ ಬರೆದು, ಆಮೇಲೆ ಒಮ್ಮೆಯೂ ಕಣ್ಣಾರೆ ಕಾಣದ ಒಂದು ಹೆಸರು ನೆನಪಿಗೆ ಬಂತು: ಬಾಟುಲಿಸಂ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಉಂಟುಮಾಡುವ ವಿಷದಿಂದ ಇದು ಬರುತ್ತದೆ. ಆ ಬ್ಯಾಕ್ಟೀರಿಯಾ ಬೆಳೆಯುವುದು ಗಾಳಿ ಇಲ್ಲದ ಕಡೆಯಲ್ಲೇ. ಮುಚ್ಚಿದ ಡಬ್ಬಿ, ಗಾಳಿ ತೆಗೆದ ಪ್ಯಾಕೆಟ್, ಬೆಚ್ಚಗಿನ ಜಾಗ ಸಿಕ್ಕರೆ ಸಾಕು. ಎಷ್ಟೋ ಸಲ ವಾಸನೆಯೂ ಬರುವುದಿಲ್ಲ, ರುಚಿಯೂ ಕೆಡುವುದಿಲ್ಲ.

ಬಾಗಿಲು ಹಾಕಿಸಿ, ಏನು ತಿಂದಿರಿ ಎಂದು ಕೇಳಿದೆ. ಮುದ್ದೆ, ಹುರುಳಿಕಾಳು ಸಾರು ಎಂದರು ನರಸಿಂಹಪ್ಪ. ಉಪ್ಪಿನಕಾಯಿ? ಡಬ್ಬಿಯಲ್ಲಿಟ್ಟದ್ದು? ಕಟ್ಟಿಟ್ಟ ಮಾಂಸ? ಎಲ್ಲದಕ್ಕೂ ಇಲ್ಲ, ಇಲ್ಲ. ಅವರ ದೃಷ್ಟಿ ನನ್ನ ಹಣೆಯ ವಿಭೂತಿಯ ಮೇಲಿತ್ತು. ಮಾಂಸದ ಮಾತನ್ನು ನನ್ನೆದುರು ಆಡಲು ನಮ್ಮ ಕಡೆಯವರು ಸಂಕೋಚಪಡುವುದು ಹೊಸದಲ್ಲ. ಆದರೆ ಇದು ಸಂಕೋಚ ಅನ್ನಿಸಲಿಲ್ಲ. ನಾನು ಕೇಳಿ ಮುಗಿಸುವ ಮೊದಲೇ ನರಸಿಂಹಪ್ಪ ಇಲ್ಲ ಅನ್ನುತ್ತಿದ್ದರು.

ನಾನು ಗಂಗಮ್ಮನ ಹಾಸಿಗೆಯ ಪಕ್ಕ ಕುಳಿತೆ. ಆಕೆಗೆ ಎಲ್ಲ ಕೇಳಿಸುತ್ತಿತ್ತು, ಅರ್ಥವಾಗುತ್ತಿತ್ತು. ಬೆರಳುಗಳಲ್ಲಿ ಇನ್ನೂ ಶಕ್ತಿ ಉಳಿದಿತ್ತು. ನನ್ನ ಎರಡು ಬೆರಳನ್ನು ಆಕೆಯ ಅಂಗೈಯಲ್ಲಿಟ್ಟೆ. ಬಹಳ ದಿನ ಕಟ್ಟಿಟ್ಟಿದ್ದ ಮಾಂಸ ಏನಾದರೂ ತಿಂದಿದ್ದೀರಾ, ಹೌದಾದರೆ ಒಂದು ಸಲ ಒತ್ತಿ, ಇಲ್ಲವಾದರೆ ಎರಡು ಸಲ ಒತ್ತಿ ಎಂದೆ. ಇನ್ನೊಂದು ಕೈಯಿಂದ ಆಕೆಯ ರೆಪ್ಪೆ ಎತ್ತಿ ಹಿಡಿದೆ. ಕಣ್ಣುಗುಡ್ಡೆ ನಿಧಾನವಾಗಿ ಗಂಡ ನಿಂತಿದ್ದ ಕಡೆಗೆ ಸರಿಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

ಆಕೆ ಎರಡು ಸಲ ಒತ್ತಿದರು, ಇಲ್ಲ ಎಂದು. ತಪ್ಪು ತಿಳಿಯಲು ಎಡೆಯೇ ಇರಲಿಲ್ಲ.

ಆಮೇಲೆ ರಂಗಸ್ವಾಮಿ ಹಾಸಿಗೆಯ ಹತ್ತಿರ ಬಂದು ಆಕೆಯ ಕಾಲು ಹಿಡಿದುಕೊಂಡ.

“ಬುಡು ಅತ್ಗೆಮ್ಮ. ನಾನು ಹೇಳ್ಬುಡ್ತೀನಿ.”

“ಲೇ ರಂಗ, ಸುಮ್ಕಿರ್ಲಾ,” ಎಂದರು ನರಸಿಂಹಪ್ಪ.

“ಸುಮ್ಕಿದ್ದು ಅತ್ಗೆಮ್ಮನ್ನ ಕಳ್ಕಳಾದಾ ಅಣ್ಣ?”

ಅವನು ಹೇಳಿದ್ದಿಷ್ಟು. ಆ ವರ್ಷ ಕಾಡುಹಂದಿಗಳು ಕಡಲೆಕಾಯಿ ಹೊಲವನ್ನು ಉತ್ತು ಹಾಕಿದ ಹಾಗೆ ಮಾಡಿದ್ದವು. ನರಸಿಂಹಪ್ಪ ಬದುವಿನಲ್ಲಿ ಉರುಳು ಕಟ್ಟಿದರು. ಒಂದು ದೊಡ್ಡ ಹಂದಿ ಬಿತ್ತು. ಬೆಳೆ ತಿಂದರೂ ಅದನ್ನು ಕೊಲ್ಲುವುದು ಅಪರಾಧ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೊದಲಾಗಿದ್ದರೆ ಬೀದಿಗೆಲ್ಲ ಹಂಚುತ್ತಿದ್ದರು, ಉಳಿದದ್ದಕ್ಕೆ ಉಪ್ಪು ಅರಿಶಿನ ಸವರಿ ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟಿ ಉಪ್ಪುಕಂಡ ಮಾಡುತ್ತಿದ್ದರು. ಪಕ್ಕದ ಊರಿನಲ್ಲಿ ಯಾರ ಮೇಲೋ ಕೇಸಾದ ಮೇಲೆ ಹಂಚುವುದಕ್ಕೂ ಭಯ, ಅಂಗಳದಲ್ಲಿ ಒಣಗಿಸುವುದಕ್ಕೂ ಭಯ. ಹೀಗಾಗಿ ಹಂದಿ ಬೀಳುವ ಮೊದಲೇ ರಂಗಸ್ವಾಮಿ ಮನೆಯಲ್ಲೇ ಬಳಸುವ ವ್ಯಾಕ್ಯೂಮ್ ಸೀಲರ್ ಒಂದನ್ನು ಕೊಂಡು ತಂದಿಟ್ಟಿದ್ದ. ಚೀಲದೊಳಗಿನ ಗಾಳಿಯನ್ನು ಎಳೆದು, ಬಾಯಿಯನ್ನು ಕಾಯಿಸಿ ಅಂಟಿಸುವ ಯಂತ್ರ ಅದು. ಮಾಂಸವನ್ನು ಅರೆಬೇಯಿಸಿ, ಪೊಟ್ಟಣ ಮಾಡಿ, ರಾಗಿಯ ಡ್ರಮ್ಮಿನೊಳಗೆ ಹುದುಗಿಸಿಟ್ಟರು. ಮನೆಯಲ್ಲಿ ಫ್ರಿಜ್ ಇತ್ತು. ಆದರೆ ಐಸ್ ಕೇಳಿಕೊಂಡು ಅಕ್ಕಪಕ್ಕದವರು ಬಂದು ಅದರ ಬಾಗಿಲನ್ನು ತಾವೇ ತೆಗೆಯುತ್ತಿದ್ದರು.

ಕೆಲವು ವಾರ ಕಳೆದು ಆ ಭಾನುವಾರ ಒಂದು ಪೊಟ್ಟಣ ಬಿಚ್ಚಿದರು. ಗಂಗಮ್ಮನಿಗೆ ಹಂದಿ ಬಾಡು ಎಂದರೆ ಬಲು ಇಷ್ಟ. ಹೇಗೂ ಬೆಂದದ್ದು ಎಂದು ಎಣ್ಣೆಯಲ್ಲಿ ಸುಮ್ಮನೆ ಬಿಸಿ ಮಾಡಿ ಆಕೆಯ ತಟ್ಟೆಗೆ ಹಾಕಿದವನು ರಂಗಸ್ವಾಮಿ. ತಾನೂ ಎರಡು ತುಂಡು ಬಾಯಿಗೆ ಹಾಕಿಕೊಂಡ. ಅವನ ಹೆಂಡತಿ ತವರಿಗೆ ಹೋಗಿದ್ದಳು. ಉಳಿದ ಮಾಂಸವನ್ನು ಸಾರಿಗೆ ಹಾಕಿ ಚೆನ್ನಾಗಿ ಕುದಿಸಿದರು. ಸಂಜೆ ಹೊಲದಿಂದ ಬಂದ ನರಸಿಂಹಪ್ಪ ಉಂಡದ್ದು ಆ ಸಾರನ್ನು. ಈ ವಿಷ ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ. ಅವರಿಗೆ ಏನೂ ಆಗಲಿಲ್ಲ.

ಇದನ್ನೆಲ್ಲ ಚೀಟಿಯಲ್ಲಿ ಬರೆಯುತ್ತೀರಾ ಎಂದು ನರಸಿಂಹಪ್ಪ ಕೇಳಿದರು. ಬರೆಯಲೇಬೇಕು, ಮುಂದೆ ನೋಡುವ ಡಾಕ್ಟರಿಗೆ ಗೊತ್ತಾಗಬೇಕು ಎಂದೆ. ಅವರು ಹೆಂಡತಿಯ ಮುಖ ನೋಡಿದರು. “ಬರೀರಿ ಸಾ. ಉರುಳು ಕಟ್ಟಿದ್ದು ನಾನೇ ಅಂತ ಬರೀರಿ, ಅವ್ನ ಹೆಸ್ರು ಬ್ಯಾಡ,” ಎಂದರು. ಉರುಳಿನ ವಿಷಯ ರೋಗಕ್ಕೆ ಬೇಕಿರಲಿಲ್ಲ. ಏನು ತಿಂದರು, ಹೇಗೆ ಇಟ್ಟಿದ್ದರು ಎಂಬುದನ್ನಷ್ಟೇ ಬರೆದೆ.

ಆಂಬುಲೆನ್ಸ್ ಬರುವ ಹೊತ್ತಿಗೆ ಗಂಗಮ್ಮನ ಉಸಿರು ಮೇಲುಮೇಲಕ್ಕೆ ಆಗಿತ್ತು. ಉಸಿರುನಾಳಕ್ಕೆ ಕೊಳವೆ ಹಾಕಿ, ಅದರೊಳಕ್ಕೆ ಗಾಳಿ ತುಂಬುವ ಆಂಬು ಬ್ಯಾಗನ್ನು ಕೈಯಿಂದ ಒತ್ತುತ್ತಾ ನಾನೇ ಜೊತೆಗೆ ಹೋದೆ. ಕೊರಟಗೆರೆ ದಾಟುವಾಗ ದಾರಿಯ ಎರಡೂ ಬದಿ ನನ್ನ ಊರಿನವರೇ ನಿಂತಿದ್ದರು, ಯಾರನ್ನೂ ಗುರುತಿಸಲಿಲ್ಲ. ಬ್ಯಾಗ್ ಒತ್ತುವುದು, ಬಿಡುವುದು, ಆಕೆಯ ಎದೆ ಏಳುತ್ತಿದೆಯೇ ಎಂದು ನೋಡುವುದು, ಇಷ್ಟೇ ನನ್ನ ಕೆಲಸವಾಗಿತ್ತು. ರಂಗಸ್ವಾಮಿ ಆಕೆಯ ಕಾಲ ಬಳಿ ಕುಳಿತಿದ್ದ. ಅವನೂ ರೋಗಿಯೇ.

ತುಮಕೂರಿನಿಂದ ಇಬ್ಬರನ್ನೂ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಾಟುಲಿಸಂಗೆ ಆಂಟಿಟಾಕ್ಸಿನ್ ಎಂಬ ಔಷಧಿ ಇದೆ, ಆದರೆ ನಮ್ಮಲ್ಲಿ ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಅಲ್ಲಿನ ವೈದ್ಯರೂ ನಾನೂ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆವು. ಸಿಗಲಿಲ್ಲ. ಇನ್ನುಳಿದದ್ದು ವೆಂಟಿಲೇಟರ್ ಮೇಲಿಟ್ಟು, ನರಗಳು ತಾವಾಗಿ ಚೇತರಿಸಿಕೊಳ್ಳುವವರೆಗೆ ಕಾಯುವುದು. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ರಂಗಸ್ವಾಮಿ ತಿಂದದ್ದು ಕಡಿಮೆ. ಬೇಗ ಚೇತರಿಸಿಕೊಂಡು ಮನೆಗೆ ಬಂದ. ಒಂದು ದಿನ ನನ್ನಲ್ಲಿಗೆ ಕಣ್ಣು ತೋರಿಸಲು ಬಂದವನು ಎದ್ದು ಹೋಗಲಿಲ್ಲ. ಆ ಯಂತ್ರವನ್ನು ಹೇಗೆ ಆರಿಸಿದೆ ಎಂದು ಹೇಳತೊಡಗಿದ. ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿದ್ದನಂತೆ. ಕಡಿಮೆ ಬೆಲೆಯದು ಬೇಡ ಅಂದುಕೊಂಡ, ಅದರ ಪಂಪು ಬೇಗ ಕಾಯುತ್ತದೆ. ಒಂದೇ ಗೆರೆ ಅಂಟಿಸುವುದಕ್ಕಿಂತ ಎರಡು ಗೆರೆ ಅಂಟಿಸುವುದು ಒಳ್ಳೆಯದು. ಮಾಂಸದ ರಸ ಪಂಪಿನೊಳಕ್ಕೆ ಹೋಗದಂತೆ ಒದ್ದೆ ಪದಾರ್ಥಕ್ಕೆ ಬೇರೆ ಗುಂಡಿ ಇರಬೇಕು. ಕಾಯುವ ಪಟ್ಟಿ ಸುಟ್ಟುಹೋದರೆ ತಾನೇ ಬದಲಾಯಿಸುವಂತಿರಬೇಕು. ಮೂಳೆಯ ಚೂಪು ಚುಚ್ಚದ ದಪ್ಪ ಚೀಲ ಬೇಕು, ಅದು ಹಿಂದೂಪುರದಲ್ಲಿ ಸಿಗಬೇಕು. ಸದ್ದು ಬೀದಿಗೆ ಕೇಳಿಸಬಾರದು. ಮೋಟಾರು ಬಲ್ಲವನು, ಒಂದೊಂದನ್ನೂ ತೂಗಿ ನೋಡಿದ್ದ.

ವಿಡಿಯೋದವರು ಸೀಲ್ ಮಾಡಿದ ಮೇಲೆ ಎಲ್ಲಿಡುತ್ತಿದ್ದರು ಎಂದು ಕೇಳಿದೆ.

“ಫ್ರೀಜರ್‌ನಾಗೇ ಇಡ್ತಿದ್ರು ಸಾ. ಅದು ಅವ್ರ ಸೌಕರ್ಯಕ್ಕೆ ಅಂದ್ಕಂಡೆ. ಕೆಡ್ಸೋದು ಗಾಳಿ ತಾನೆ, ಗಾಳೀನೇ ತೆಗ್ದ್ಮೇಲೆ ಇನ್ನೇನು ಅಂದ್ಕಂಡೆ.” ಎರಡು ಬೆರಳ ನಡುವೆ ಅಳತೆ ತೋರಿಸುತ್ತಾ ಹೇಳಿದ: “ಪ್ಯಾಕೆಟ್ಟು ಒಂಚೂರು ಉಬ್ಬಿತ್ತು. ಮೂಸಿ ನೋಡ್ದೆ. ವಾಸ್ನೆ ಇರ್ಲಿಲ್ಲ. ನಾನೇ ತಟ್ಟೆಗೆ ಹಾಕ್ದೆ ಸಾ.”

ನಾನು ಅವನಿಗೆ ಸಮಾಧಾನ ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ನೀರು ತರಿಸಿಕೊಟ್ಟೆ, ಅವನು ಏಳುವವರೆಗೆ ಹೊರಗಿನ ರೋಗಿಗಳನ್ನು ಕಾಯಿಸಿದೆ.

ಗಂಗಮ್ಮ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದರು. ಒಂದು ದಿನ ಕಾಲ್ಬೆರಳು ಅಲ್ಲಾಡಿಸಿದರು ಎಂದು ರಂಗಸ್ವಾಮಿ ಫೋನ್ ಮಾಡಿದ. ಇನ್ನೊಂದು ದಿನ ಹುಬ್ಬು ಎತ್ತಿದರು. ನರಗಳಿಗೆ ಶಕ್ತಿ ಮರಳುತ್ತಿತ್ತು. ಉಳಿಯುತ್ತಾರೆ ಎಂದು ನಾನೂ ನಂಬತೊಡಗಿದ್ದೆ. ಆಮೇಲೆ ಶ್ವಾಸಕೋಶಕ್ಕೆ ಸೋಂಕು ತಗಲಿತು. ಬಹಳ ದಿನ ವೆಂಟಿಲೇಟರ್ ಮೇಲಿದ್ದವರಿಗೆ ಆಗುವ ನ್ಯುಮೋನಿಯಾ. ಅದರಿಂದ ಆಕೆ ಏಳಲಿಲ್ಲ.

ಆಸ್ಪತ್ರೆಯಿಂದ ಸುದ್ದಿ ಹೊರಗೆ ಹೋಗಿ ಅರಣ್ಯ ಇಲಾಖೆಯವರು ಬಂದರು. ನರಸಿಂಹಪ್ಪ ಉರುಳನ್ನು ತಾವೇ ತೆಗೆದುಕೊಟ್ಟು, ತಪ್ಪು ನನ್ನೊಬ್ಬನದೇ ಎಂದು ಹೇಳಿಕೆ ಕೊಟ್ಟರಂತೆ. ರಂಗಸ್ವಾಮಿ ಹಿಂದೆಯೇ ಹೋಗಿ, ಸೀಲ್ ಮಾಡಿದ್ದು ನಾನು ಎಂದು ಹೇಳಿದನಂತೆ. ನಾನು ಕೆಲಸ ಬಿಡುವವರೆಗೂ ಆ ಕೇಸು ನಡೆಯುತ್ತಲೇ ಇತ್ತು. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

ಅಂಥದೇ ಒಂದು ದಿನ ನರಸಿಂಹಪ್ಪ ಬಿ.ಪಿ. ನೋಡಿಸಲು ಒಳಗೆ ಬಂದರು. ಪಟ್ಟಿ ಬಿಚ್ಚುತ್ತಿದ್ದಾಗ ಕೇಳಿದರು:

“ಬೆಳಿಗ್ಗೇನೇ ಹೇಳ್ಬುಟ್ಟಿದ್ರೆ ಉಳೀತಿದ್ಲಾ ಸಾ?”

ನನಗೆ ಗೊತ್ತಿಲ್ಲ ಯಜಮಾನ್ರೇ ಎಂದೆ. ಸುಳ್ಳಲ್ಲ. ಔಷಧಿಯೇ ಸಿಗದ ಮೇಲೆ ಆ ನಾಲ್ಕೈದು ಗಂಟೆಯಿಂದ ಏನಾಗುತ್ತಿತ್ತು ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರ. ಅವರು ತಲೆಯಾಡಿಸಿದರು. ಅವಳಿಗೆ ನಾನು ಜೈಲಿಗೆ ಹೋಗುತ್ತೇನೆ ಎಂಬ ಭಯ ಇತ್ತು ಎಂದಷ್ಟೇ ಹೇಳಿ ಅಂಗಿಯ ತೋಳು ಇಳಿಸಿಕೊಂಡರು.

ರೋಗಿಯನ್ನು ಪರೀಕ್ಷಿಸುವ ಮೊದಲು ಅವರ ಕಥೆ ಕೇಳಬೇಕು ಎಂದು ನಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಏನು ಕೇಳಬೇಕು ಎಂಬುದನ್ನು ಕಲಿಸುತ್ತಾರೆ. ನಿಜ ಹೇಳಿದರೆ ಎದುರಿನವರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಮೊದಲು ಯೋಚಿಸು ಎಂದು ಕಲಿಸಿದ್ದು ಗಂಗಮ್ಮ. ಆಮೇಲೆ ಕೆಲಸದಲ್ಲಿದ್ದಷ್ಟು ದಿನವೂ ಮನೆಯವರನ್ನು ಹೊರಗೆ ಕಳಿಸಿ, ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು, ನೀವು ಹೇಳಿದ್ದನ್ನು ನಾನು ಯಾರಿಗೆ ಹೇಳುತ್ತೇನೆ, ಯಾರಿಗೆ ಹೇಳುವುದಿಲ್ಲ ಎಂದು ಮೊದಲು ತಿಳಿಸುತ್ತಿದ್ದೆ. ಪ್ರಶ್ನೆ ಆಮೇಲೆ. ಎಷ್ಟೋ ಜನ ಬಾಯಿಬಿಟ್ಟರು. ಕೆಲವರು ಆಗಲೂ ಬಿಡಲಿಲ್ಲ. ಅಂಥವರ ಮುಂದೆ ನಾನು ಸುಮ್ಮನೆ ಇನ್ನಷ್ಟು ಹೊತ್ತು ಕುಳಿತಿರುತ್ತಿದ್ದೆ.