ಬಿಗಿಯಾದ ಸ್ಟೇರಿಂಗ್

ಮಹಾನವಮಿಯ ದಿನ ಹಿಂದೆ ಅಪ್ಪ ಟ್ರ್ಯಾಕ್ಟರ್ ತೊಳೆಯುತ್ತಿದ್ದ ರೀತಿಯಲ್ಲೇ ನಾನು ನಮ್ಮ ಸಣ್ಣ ಕಾರನ್ನು ತೊಳೆದೆ. ಪೈಪು ಹಿಡಿದು, ಹೊರಗೂ ಒಳಗೂ. ಪೂಜೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೂಗಿದಳು.

"ಒಳಗ ಯಾಕ ನೀರು ಹೊಡಿತೀರಿ? ಒದ್ದಿ ಅರಿವಿಲೆ ಒರಸ್ರಿ, ಸಾಕು."

"ನೀ ಹೋಳಿಗಿ ನೋಡ ಹೋಗು. ಗಾಡಿ ನನಗ ಬಿಡು."

"ಹೋಳಿಗಿ ಹೊತ್ತಿದ್ರ ವಾಸನಿ ಬರತೈತ್ರಿ. ಗಾಡಿ ಕೆಟ್ರ ಹೆಂಗ ಗೊತ್ತಾಗಬೇಕು?"

ಗೊತ್ತಾಯಿತು. ಮರುದಿನ ಸ್ಟೇರಿಂಗ್ ಹಿಂದೆ ಹಳದಿ ದೀಪವೊಂದು ಹತ್ತಿಕೊಂಡು ಆರಲೇ ಇಲ್ಲ. ಇಂಥ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ ಒಂದು ಸಣ್ಣ ಮೋಟರ್ ಇರುತ್ತದೆ. ನಾವು ತಿರುಗಿಸುವಾಗ ಅದು ಕೈಗೆ ಆಸರೆ ಕೊಡುತ್ತದೆ. ಅದು ನಿಂತಿತ್ತು. ನೀರಿನಿಂದಲೇ ಎಂದು ನನಗೆ ತಿಳಿದಿತ್ತು. ಮೆಕ್ಯಾನಿಕ್ ಹತ್ತಿರ ಹೋದರೆ ಅವಳು ಹೇಳಿದ್ದು ನಿಜವಾಗುತ್ತಿತ್ತು, ಅದಕ್ಕೇ ಹೋಗಲಿಲ್ಲ. ಟ್ರ್ಯಾಕ್ಟರ್ ಹೊಡೆದ ತೋಳು ನನ್ನದು. ಹದಿನೈದು ದಿನದಲ್ಲಿ ರೂಢಿಯಾಯಿತು.

ಅದೇ ಚಳಿಗಾಲದಲ್ಲಿ ಅವಳು ಕಾರು ಕಲಿಯುತ್ತೇನೆ ಎಂದಳು. ಅವಳ ತವರು ಮೇಡ್ಲೇರಿ. ಬ್ಯಾಡಗಿಯಿಂದ ಹೋಗಲು ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಬೇಕು. ಕರೆದುಕೊಂಡು ಹೋಗುತ್ತೇನೆಂದು ನಾನು ಎಷ್ಟೋ ಭಾನುವಾರ ಮುಂದೂಡಿದ್ದೆ.

"ಅವ್ವನ್ನ ನೋಡಾಕ ನಿಮ್ಮ ಹಿಂದ ಗೋಗರಿಯೂದು ಸಾಕಾಗೇತ್ರಿ. ನಾನ ಹೋಗಿ ಬರತೇನಿ."

ಹಾವೇರಿಗೆ ಹೋಗಿ ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು ಬಂದಳು. ವ್ಯಾಪಾರವಿಲ್ಲದ ದಿನ ಮೆಣಸಿನಕಾಯಿ ಮಾರ್ಕೆಟ್ಟಿನ ಬಯಲಿನಲ್ಲಿ ಅವಳನ್ನು ಕೂರಿಸಿದೆ. ಖಾಲಿ ಬಯಲಿನಲ್ಲೂ ಘಾಟು ಇರುತ್ತದೆ. ಇಬ್ಬರೂ ಸೀನಿದೆವು, ನಕ್ಕೆವು.

"ಈ ಹಳದಿ ದೀಪ ಯಾಕ ಉರಿಯಾಕತ್ತೈತ್ರಿ?"

"ಗಾಡಿ ಚಾಲೂ ಐತಿ ಅಂತ ತೋರಸೂದು ಅದು."

ಅದಕ್ಕೂ ಮೊದಲು ಅವಳು ಯಾವ ಕಾರಿನ ಸ್ಟೇರಿಂಗನ್ನೂ ಮುಟ್ಟಿದವಳಲ್ಲ. ಎಲ್ಲ ಕಾರೂ ಹೀಗೇ ಇರುತ್ತವೆ ಎಂದುಕೊಂಡಳು. ಬಳೆಗಳನ್ನು ಮೇಲಕ್ಕೆ ಸರಿಸಿ, ಸೀಟಿನಿಂದ ಅರ್ಧ ಎದ್ದು ಎಳೆದರೂ ತಿರುವು ಸಾಲುತ್ತಿರಲಿಲ್ಲ.

"ರೊಟ್ಟಿ ಬಡದ ತೋಳು ಅಂತಿದ್ದಿ, ಎಲ್ಲಿ ಹೋತು ನಿನ್ನ ಬಲ?" ಎಂದು ಚೇಷ್ಟೆ ಮಾಡಿದೆ. ಮೊದಲ ವಾರ ಅವಳೂ ನಕ್ಕಳು. ಆಮೇಲೆ ನಗಲಿಲ್ಲ. ಬೆಳಿಗ್ಗೆ ಎರಡೂ ಕೈಯಲ್ಲಿ ತುಂಬಿದ ಕೊಡಪಾನ ಎತ್ತಿ ಇಳಿಸತೊಡಗಿದಳು. ಒಂದು ಸಂಜೆ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ, "ನನ್ನ ತೋಳಿನ್ಯಾಗ ಏನರ ದೋಷ ಐತೇನೋರಿ" ಎಂದಳು. ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ನಾನು ಚಹಾ ಮುಗಿಸಿ, "ಎಲ್ಲಾರಿಗೂ ಇದು ಬರೂದಿಲ್ಲ, ಬಿಡು" ಎಂದೆ.

ಬಿಟ್ಟಳು. ಲೈಸೆನ್ಸಿನ ಅವಧಿ ಮುಗಿಯಿತು. ಮತ್ತೆ ಬಸ್ಸಿಗೇ ಹೋದಳು.

ಹೋದ ವರ್ಷ ಎಂಟು ದಿನದ ಜ್ವರದಲ್ಲಿ ತೀರಿಕೊಂಡಳು. ತೀರಿದ ಮೂರನೆಯ ದಿನ ಅವಳ ತಾಯಿ ಬಂದವರ ಮುಂದೆ ಹೇಳುತ್ತಿದ್ದರು: "ಸಣ್ಣಾಕಿ ಇದ್ದಾಗ ನಾ ಹೊಲಕ್ಕ ಹೋಗ್ತಿದ್ದೆ. ಹೊಟ್ಟಿ ತುಂಬ ಹಾಲು ಕುಡಸಲಿಲ್ಲ. ಅದಕ್ಕ ತೋಳಿನ್ಯಾಗ ಬಲಾ ಇರಲಿಲ್ಲ, ಕಾರು ಸೈತ ಬರಲಿಲ್ಲ ಅಕಿಗೆ." ನಾನು ಅಲ್ಲೇ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಈ ವರ್ಷ ಕಾರು ಮಾರೋಣವೆಂದು ರಾಣೆಬೆನ್ನೂರಿನ ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಮಲಗಿದ.

"ಹಬ್ಬಕ್ಕ ಒಳಗ ಪೈಪ್ ಹಿಡದಿದ್ರೇನ್ರಿ ಯಜಮಾನ್ರ?"

"ಹೂಂ."

"ದೇವರು ಒಲೀತಾನ, ಕರೆಂಟ್ ಮುನಿಸಿಕೊಳ್ತೈತಿ."

ವೈರು ಸೇರುವ ಜಾಗದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕೆರೆದ, ಒರೆಸಿದ, ಮತ್ತೆ ಜೋಡಿಸಿದ. ಅರ್ಧ ತಾಸು ಹಿಡಿಯಲಿಲ್ಲ. ದೀಪ ಆರಿತು. ಒಂದು ಬೆರಳಿಗೆ ಚಕ್ರ ತಿರುಗಿತು.

"ಈಗ್ಯಾಕ ಮಾರತೀರಿ? ಮನ್ಯಾಗ ಅಕ್ಕಾರಿಗೆ ಕಲಸ್ರಿ" ಎಂದ.

ನಾನು ಊರಿಗೆ ತಿರುಗದೆ ನೇರ ಮೇಡ್ಲೇರಿಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. "ಬರ್ರಿ, ಕುಂದ್ರಿ" ಎಂದರು. ನಿಂತೇ ಎಲ್ಲ ಹೇಳಿದೆ. ನೀರು ಹೊಡೆದದ್ದು, ದೀಪದ ಬಗ್ಗೆ ಸುಳ್ಳು ಹೇಳಿದ್ದು, ನಕ್ಕದ್ದು.

"ಹಾಲು ಕಡಿಮಿ ಆಗಿದ್ದಕ್ಕಲ್ರಿ ಅತ್ತಿ. ತಪ್ಪು ನಂದು."

ಅವರು ಎದ್ದು ಕಾರಿನ ಹತ್ತಿರ ಬಂದರು. ಚಾಲಕನ ಸೀಟಿನಲ್ಲಿ ಕೂತು, "ಚಾಲೂ ಮಾಡ್ರಿ" ಎಂದರು. ಗೇರು ತೆಗೆದು, ಹ್ಯಾಂಡ್‌ಬ್ರೇಕ್ ನೋಡಿ, ಬಗ್ಗಿ ಕೀಲಿ ತಿರುವಿದೆ. ನರ ಎದ್ದ ಸಣಕಲು ಕೈಗಳಿಂದ ಚಕ್ರವನ್ನು ಎಡಕ್ಕೆ ಪೂರ್ತಿ ತಿರುಗಿಸಿದರು. ಆಮೇಲೆ ಬಲಕ್ಕೆ. ಅಂಗಳದ ಮಣ್ಣಿನಲ್ಲಿ ಗಾಲಿ ಕರಕರ ಎಂದು ಹೊರಳಿತು.

"ಇಷ್ಟ ಹಗೂರೇನು ಇದು?"

"ಹೌದ್ರಿ."

ಇಳಿದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಚಹಾ ಕುಡಿದು ಹೋಗಿ ಎನ್ನಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು.