ಬೋರ್ಡಿನ ಮೇಲೆ ಅವ್ವನ ತವರಿನ ಹೆಸರು

ಅವ್ವನಿಗೆ ಎರಡು ಹೆಸರು. ವಿಜಯಪುರದ ಕಡೆಯ ತವರಿನಲ್ಲಿ ಇಟ್ಟದ್ದು ಒಂದು. ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಪ್ಪ ಉಂಗುರದಿಂದ ಬರೆದದ್ದು ಇನ್ನೊಂದು. ನಮ್ಮ ಕಡೆಯ ಪದ್ಧತಿ ಅದು. ಅಂದಿನಿಂದ ರೇಷನ್ ಕಾರ್ಡು, ಪಾಸ್‌ಬುಕ್ಕು, ಎಲ್ಲದರಲ್ಲೂ ಎರಡನೆಯದೇ. ಅಪ್ಪನಂತೂ ಆ ಹೆಸರಿನಿಂದಲೂ ಕರೆದವರಲ್ಲ, "ಏ, ಎಲ್ಲಿದ್ದೀ?" ಎಂದರೆ ಮುಗಿಯಿತು.

ಅಪ್ಪನ ನೌಕರಿಗಾಗಿ ಹೈದರಾಬಾದಿಗೆ ಬಂದ ಮೇಲೆ ಅವ್ವ ಮೆಹದಿಪಟ್ಟಣಂನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಪುಟ್ಟ ಅಂಗಡಿ ಹಾಕಿದಳು. ಬೋರ್ಡ್ ಬರೆಯುವವನು ಹೆಸರು ಕೇಳಿದಾಗ ಅಪ್ಪ ಮನೆದೇವರದ್ದೇ ಇಡೋಣವೆಂದು ಯೋಚಿಸುತ್ತಿದ್ದರಂತೆ. ಅಷ್ಟರಲ್ಲಿ ಅವ್ವ ತವರಿನ ಹೆಸರು ಹೇಳಿಬಿಟ್ಟಳು.

"ಅದ್ಯಾರ ಹೆಸರ?" ಎಂದರಂತೆ ಅಪ್ಪ.

"ನಂದೇ ರೀ," ಎಂದಳಂತೆ ಅವ್ವ.

ಗಿರಾಕಿಗಳು ಬೋರ್ಡ್ ನೋಡಿಯೇ ಅವಳನ್ನು ಕರೆಯತೊಡಗಿದರು. ತೆಲುಗಿನವರು ಆ ಹೆಸರಿಗೆ ಗಾರು ಸೇರಿಸಿದರು, ಉರ್ದುವಿನವರು ಆಪಾ ಸೇರಿಸಿದರು, ನಮ್ಮವರು ಅಕ್ಕಾರ ಎಂದರು. ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ಒಳಗಿನಿಂದ ಓಡಿ ಬರುತ್ತಿದ್ದಳು. ಮನೆಯಲ್ಲಿ ಅವಳು ಅಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ಕಂಡಿಲ್ಲ.

ಅಪ್ಪ ತೀರಿಕೊಂಡ ಮೇಲೆ ವ್ಯವಹಾರ ಮಗಳಾದ ನನ್ನ ಕೈಗೆ ಬಂತು. ನನಗೋ ಹುರುಪು ಹೆಚ್ಚು. ಚಂದದ ಪ್ಯಾಕೆಟ್ ಮಾಡಬೇಕು, ಆ್ಯಪ್‌ನಲ್ಲಿ ಮಾರಬೇಕು. ಅದಕ್ಕೆ ಈ ಅಜ್ಜಿ ಕಾಲದ ಹೆಸರು ಒಗ್ಗುವುದಿಲ್ಲ ಎಂಬ ಜಾಣತನ ಬೇರೆ. ಜಿಎಸ್‌ಟಿ ದಾಖಲೆಯಲ್ಲಿ ಮಾಲೀಕರ ಹೆಸರಿಗೊಂದು ಜಾಗ, ವ್ಯಾಪಾರದ ಹೆಸರಿಗೊಂದು ಜಾಗ. ಮೊದಲಿನದರಲ್ಲಿ ಅವ್ವನಿಗೆ ಅಪ್ಪ ಅಕ್ಕಿಯ ಮೇಲೆ ಬರೆದ ಹೆಸರಿತ್ತು, ಎರಡನೆಯದರಲ್ಲಿ ತವರಿನದು. ಎರಡನೆಯದನ್ನು ಅಳಿಸಿ ನಾನು ಹುಡುಕಿದ ಇಂಗ್ಲಿಷ್ ಹೆಸರು ತುಂಬಿದೆ. ತಿಂಗಳುಗಟ್ಟಲೆ ಅಲೆದಾಟವೆಂದು ಹೆದರಿದ್ದೆ, ಕುಳಿತಲ್ಲೇ ಆಗಿಹೋಯಿತು.

"ಬೋರ್ಡ್ ಇಳಸಲೇನವ್ವಾ?" ಎಂದು ಕೇಳಿದ್ದೆ.

"ಇಳಸವ್ವಾ. ಅಂಗಡಿ ಈಗ ನಿಂದೈತಿ," ಎಂದಳು.

ಒಪ್ಪಿದಳು ಎಂದುಕೊಂಡೆ. ಪ್ಯಾಕೆಟ್‌ಗಳು ಚೆನ್ನಾಗಿಯೇ ಹೋದವು. ಹೊಸ ಗಿರಾಕಿಗಳಿಗೆ ಅವಳು ಬರೀ ಆಂಟಿ. ಹಳಬರು ಒಬ್ಬೊಬ್ಬರಾಗಿ ಕಾಲೊನಿ ಬಿಟ್ಟುಹೋದರು. ತವರಿನಲ್ಲಿ ಅವಳಿಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ನಾವಿಬ್ಬರೇ ರೊಟ್ಟಿ ಬಡಿಯುತ್ತಿದ್ದೆವು. ಅವ್ವ ತಲೆ ಎತ್ತದೆ ಹೇಳಿದಳು: "ಆ ಹೆಸರ ಹಿಡದು ನನ್ನ ಯಾರೂ ಕರದಿಲ್ಲ, ಭಾಳ ದಿನಾ ಆತು. ನೀನರ ಒಮ್ಮೆ ಕರಿ, ಕೇಳ್ತೀನಿ."

ಹೆತ್ತವಳನ್ನು ಹೆಸರು ಹಿಡಿದು ಕರೆಯುವುದೇ? ನಮ್ಮಲ್ಲಿ ಅದಕ್ಕಿಂತ ದೊಡ್ಡ ಉದ್ಧಟತನವಿಲ್ಲ. "ಏ, ಹೋಗವ್ವಾ!" ಎಂದು ನಕ್ಕುಬಿಟ್ಟೆ. ಅವಳೂ ನಕ್ಕು, ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಮತ್ತೆಂದೂ ಕೇಳಲಿಲ್ಲ.

ಅವಳು ಹೋಗಿ ಎರಡು ವರ್ಷವಾಯಿತು. ಅಂಗಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವಾಗ ವ್ಯಾಪಾರದ ಹೆಸರಿನ ಜಾಗದಲ್ಲಿ ಮತ್ತೆ ಅವಳ ತವರಿನದನ್ನೇ ತುಂಬಿದೆ, ಬೋರ್ಡನ್ನೂ ಬರೆಸಿದೆ. ಈಗ ಬರುವವರು ಅದನ್ನು ಓದಿ ನನ್ನನ್ನೇ ಆ ಹೆಸರಿನಿಂದ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ. ಕರೆದಾಗಲೆಲ್ಲ, ಓಗೊಡುವ ಸರದಿ ಅವಳದೇ ಎಂಬಂತೆ, ಮೊದಲು ಒಳಗಿನ ಹಂಚಿನ ಕಡೆ ತಿರುಗಿ ನೋಡುತ್ತೇನೆ. ಗುರುತಿಲ್ಲದವರ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ! ಅವತ್ತು ನಾನೊಮ್ಮೆ ಕರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?